ಲಕೋಟೆಯಲ್ಲಿ ಮೂರು ತೆನೆ

ಭತ್ತದ ತೆನೆಯನ್ನು ಅಂಚೆಗೆ ಹಾಕುವುದು ಬೇಡ ಎಂದು ನಾನು ಮೊದಲೇ ಹೇಳಿದ್ದು ನಿಜ. ಆದರೆ ಅದಕ್ಕೆ ನಾನು ಕೊಟ್ಟ ಕಾರಣ ಬೇರೆ. ಅಂಚೆಯವರ ಯಂತ್ರದಲ್ಲಿ ಸಿಕ್ಕಿ ಅದು ಹಿಟ್ಟಾಗುತ್ತದೆ ಎನ್ನುವುದಷ್ಟೇ ನನ್ನ ತಕರಾರಾಗಿತ್ತು.

ಆ ವರ್ಷ ನವೆಂಬರಿನ ಚುನಾವಣೆಯಲ್ಲಿ ನಮ್ಮ ರಾಜ್ಯದ ಬ್ಯಾಲೆಟ್ಟಿನ ಮೇಲೆ ಅಭ್ಯರ್ಥಿಗಳ ಹೆಸರಿನ ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಲ್ಲೇ ಬರೆದಿಡಬೇಕೇ, ಬೇಡವೇ? ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಬರುವ ಉತ್ತರ ಏನೆಂದು ಊಹಿಸಲು ಯಾರೂ ಜ್ಯೋತಿಷಿಯಾಗಬೇಕಿರಲಿಲ್ಲ. ಆದರೂ ಬೇಡ ಎನ್ನುವವರು ಬೇಡ ಎಂದು ಹೇಳಲೇಬೇಕಲ್ಲ. ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಬುಡದಲ್ಲಿರುವ ಕಥೋಲಿಕ ಚರ್ಚಿನ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ಫೋನು, ಸಭಾಭವನದ ಬುಕಿಂಗು, ಭಾನುವಾರದ ಪತ್ರಿಕೆ, ಎಲ್ಲ ನನ್ನ ತಲೆಯ ಮೇಲೆ. ಆಗಸ್ಟಿನಲ್ಲಿ ನಮ್ಮ ಫಾದರ್ ನನ್ನನ್ನು ಕರೆದು, ಈ ಪ್ರಚಾರದ ಬರವಣಿಗೆಯನ್ನೂ ನೀನೇ ನೋಡಿಕೋ ಎಂದರು. ಫಾದರ್ ವಿಯೆಟ್ನಾಂ ಮೂಲದವರು, ಮೆಲುಮಾತಿನವರು. ಅವರು ಮೆತ್ತಗೆ ಹೇಳಿದ್ದನ್ನು ಇಲ್ಲವೆನ್ನಲು ನನಗೆ ಇಂದಿಗೂ ಬಂದಿಲ್ಲ.

ಕೆಲಸಕ್ಕೆ ಒಂದು ನಿಯಮವಿತ್ತು. ವಕೀಲರೊಬ್ಬರು ಕಂಪ್ಯೂಟರಿನ ಪರದೆಯ ಮೇಲೆ ಬಂದು ನಮಗೆಲ್ಲ ಅದನ್ನು ಕಲಿಸಿದ್ದರು. ಮತಕ್ಕೆ ಹಾಕಿದ ಪ್ರಶ್ನೆಯ ಬಗ್ಗೆ ಚರ್ಚು ಮಾತಾಡಬಹುದು, ಬೇಡವೆಂದು ಮತ ಹಾಕಿ ಎನ್ನಬಹುದು. ಆದರೆ ಯಾವ ಅಭ್ಯರ್ಥಿಯ ಹೆಸರನ್ನೂ, ಪಕ್ಷದ ಹೆಸರನ್ನೂ ಎತ್ತುವಂತಿಲ್ಲ. ಅಂದಿನಿಂದ ನಾನು ಕೆಂಪು ಪೆನ್ನು ಹಿಡಿದು ಕೂತೆ. ಯಾರು ಏನು ಬರೆದು ತಂದರೂ ಮೊದಲು ಹೆಸರು ಹುಡುಕುವುದು, ಆಮೇಲೆ ಹೆಸರಿಲ್ಲದೆ ಹೆಸರು ಹೇಳುವ ಸಾಲುಗಳನ್ನು ಹುಡುಕುವುದು. ಅಂಥ ಸಾಲುಗಳು ಬೇಕಾದಷ್ಟಿದ್ದವು.

ಬರೆದು ತರುತ್ತಿದ್ದವರಲ್ಲಿ ಮುಖ್ಯರು ನಮ್ಮ ಪ್ರಚಾರ ಸಮಿತಿಯ ಹಿರಿಯರೊಬ್ಬರು, ಎಲ್ಲರಿಗೂ ಅವರು ಬರೀ 'ಹಿರಿಯರು'. ಉಡುಪಿ ಕಡೆಯ ಶಿರ್ವದವರು. ಈ ಕಣಿವೆಯಲ್ಲೇ ಆಯುಷ್ಯವೆಲ್ಲ ಕಂಪ್ಯೂಟರಿನ ಚಿಪ್ಪುಗಳನ್ನು ವಿನ್ಯಾಸ ಮಾಡಿ ನಿವೃತ್ತರಾದ ಎಂಜಿನಿಯರು. ನಮ್ಮ ಬಳಗದಲ್ಲಿ ಅರ್ಧ ಮಂದಿ ಮಂಗಳೂರು, ಉಡುಪಿಯ ಕೊಂಕಣಿಯವರು, ನಾನೂ ಅದರಲ್ಲಿ ಒಬ್ಬಳು. ಇನ್ನರ್ಧ ಬೆಂಗಳೂರು, ಮೈಸೂರಿನ ಕನ್ನಡ ಕ್ರೈಸ್ತರು. ಹಾಗಾಗಿ ಸಭೆಯ ಮಾತೆಲ್ಲ ಕನ್ನಡದಲ್ಲಿ, ಜಗಳ ಜೋರಾದಾಗ ಇಂಗ್ಲಿಷಿನಲ್ಲಿ. ಹಿರಿಯರು ಈ ಪ್ರಚಾರವನ್ನು ಹೊಸ ಚಿಪ್ಪಿನ ಹಾಗೆಯೇ ನಡೆಸಿದರು. ಯಾವ ವಾರ ಫೋನು, ಯಾವ ವಾರ ಅಂಗಳದ ಫಲಕ, ಬ್ಯಾಲೆಟ್ಟು ಅಂಚೆಯಲ್ಲಿ ಮನೆಗಳಿಗೆ ಬರುವ ಹೊತ್ತಿಗೆ ಯಾವ ಕಾರ್ಡು, ಎಲ್ಲಕ್ಕೂ ಗೋಡೆಯ ಮೇಲೊಂದು ನಕ್ಷೆ.

ಮೊದಲ ಕಾರ್ಡಿನ ಕರಡು ನೋಡಿ ಫಾದರ್ ಒಂದೇ ಪ್ರಶ್ನೆ ಕೇಳಿದರು. ಕಷ್ಟದಲ್ಲಿರುವ ಬಸುರಿ ಹೆಂಗಸು ಇದನ್ನು ಓದಿದರೆ ಯಾರಿಗೆ ಫೋನು ಮಾಡಬೇಕು?

"ನಂಬರು ಹಿಂದಿನ ಬದಿಗೆ ಹಾಕುವ ಫಾದರ್," ಎಂದು ಹಿರಿಯರು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮುಂದೆ ಜಾಗ ಎಲ್ಲುಂಟು? ಮೊದಲು ವೋಟು ಮಾರಾಯ್ತಿ, ಮತ್ತೆ ಉಳಿದದ್ದು," ಎಂದರು. ನಂಬರು ಹಿಂದಿನ ಬದಿಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಹೋಯಿತು.

ಫೋನಿನ ವಾರ ಸರಿಯಾಗಿ ಮುಗ್ಗರಿಸಿತು. ಕರೆ ಮಾಡಿದವರಲ್ಲಿ ಹೆಚ್ಚಿನವರು ಎತ್ತಲಿಲ್ಲ, ಎತ್ತಿದವರು ಇಟ್ಟರು. ನಮ್ಮದೇ ಚರ್ಚಿನ ಒಬ್ಬರು, ಕ್ರಿಸ್ಮಸ್ಸಿಗೆ ಕೇಕು ಕೊಡುವವರು, "ನೀವು ಫೋನ್ ಮಾಡಿದ್ದು ಇದಕ್ಕಾ?" ಎಂದು ಬೇಸರದಿಂದ ಕೇಳಿದರು. ಸಂಜೆ ಹಿರಿಯರು ನಕ್ಷೆಯ ಮುಂದೆ ನಿಂತು, ಇದು ಆಗುವ ಕೆಲಸವಲ್ಲ, ನಮ್ಮ ಜನರನ್ನು ನಮ್ಮ ರೀತಿಯಲ್ಲೇ ಮಾತಾಡಿಸಬೇಕು ಎಂದರು. ತೆನೆಯ ಯೋಚನೆ ಹುಟ್ಟಿದ್ದು ಆಗ.

ಸೆಪ್ಟೆಂಬರಿನಲ್ಲಿ ನಮಗೆ ಮೊಂತಿ ಹಬ್ಬ. ಮಾತೆ ಮರಿಯಮ್ಮನವರು ಹುಟ್ಟಿದ ದಿನ. ಊರಿನಲ್ಲಿ ಹೊಸ ಭತ್ತದ ತೆನೆಯನ್ನು ಪವಿತ್ರೀಕರಿಸಿ ಮನೆಗೊಯ್ದು, ಕಾಳು ಸುಲಿದು ಹಾಲಿಗೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ದೂರದಲ್ಲಿರುವವರಿಗೆ ಅವರ ಪಾಲನ್ನು ಅಂಚೆಯಲ್ಲಿ ಕಳಿಸುವುದೂ ಉಂಟು. ನನ್ನ ಅಮ್ಮ ಕಳಿಸಿದ ಎಷ್ಟೋ ತೆನೆಗಳು ಲಕೋಟೆಯಲ್ಲಿ ಪುಡಿಯಾಗಿ ನನ್ನನ್ನು ತಲುಪಿವೆ, ಆ ಪುಡಿಯನ್ನೇ ಹಾಲಿಗೆ ಹಾಕಿ ಕುಡಿದಿದ್ದೇವೆ. ಪವಿತ್ರೀಕರಿಸಿದ ಆ ಕಾಳಿನಲ್ಲಿ ಒಂದನ್ನೂ ನಾವು ನೆಲಕ್ಕೆ ಬೀಳಿಸುವವರಲ್ಲ. ಇಲ್ಲಿ ಹಿರಿಯರು ಪ್ರತಿವರ್ಷ ಸ್ಯಾಕ್ರಮೆಂಟೊ ಕಣಿವೆಯ ಒಬ್ಬ ಭತ್ತದ ಬೆಳೆಗಾರನ ಅನುಮತಿ ಕೇಳಿ ಕಾರಿನ ತುಂಬ ತೆನೆ ತರುತ್ತಾರೆ. ಹಬ್ಬಕ್ಕೆ ಬಾರದವರಿಗೆ ಈ ಸಲ ಅಂಚೆಯಲ್ಲಿ ಕಳಿಸೋಣ, ಅದರೊಳಗೆ ಕಾರ್ಡನ್ನೂ ಇಡೋಣ ಎನ್ನುವುದು ಅವರ ಯೋಜನೆ.

ಪ್ರಯೋಗಕ್ಕೆ ನನ್ನ ಮನೆಯ ವಿಳಾಸಕ್ಕೇ ಒಂದು ಕಳಿಸಿದೆವು. ನಾನು ಹೇಳಿದಂತೆಯೇ ಆಯಿತು. ಯಂತ್ರದ ಉರುಳೆಗಳ ನಡುವೆ ಸಿಕ್ಕಿ ತೆನೆ ಹಿಟ್ಟಾಗಿತ್ತು. ಹಿರಿಯರು ಎಂಜಿನಿಯರರ ಮುಖ ಮಾಡಿಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮರುವಾರ ಪರಿಹಾರ ತಂದರು. ಕಾರ್ಡನ್ನು ದಪ್ಪ ರಟ್ಟಿನ ಮೇಲೆ ಮುದ್ರಿಸುವುದು, ತೆನೆಗಳನ್ನು ಅದರ ಮೇಲೇ ಒತ್ತಾಗಿ ಅಂಟಿಸುವುದು. ರಟ್ಟು ಬಗ್ಗುವುದಿಲ್ಲ, ತೆನೆ ಮುರಿಯುವುದಿಲ್ಲ. ಯಂತ್ರಕ್ಕೆ ಹಾಕಬೇಡಿ ಎಂದು ಬರೆದು ಸ್ವಲ್ಪ ಹೆಚ್ಚಿನ ಅಂಚೆಚೀಟಿ ಅಂಟಿಸಿದರೆ ಕೌಂಟರಿನವರು ಕೈಯಲ್ಲೇ ಮುದ್ರೆ ಒತ್ತುತ್ತಾರೆ. ಎರಡನೆಯ ಪ್ರಯೋಗದ ತೆನೆ ಒಂದು ಕಾಳೂ ಉದುರದೆ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ತೆನೆಯ ಕೆಳಗೆ ಮುದ್ರಿಸಲು ಒಂದು ಸಾಲು ಬೇಕಿತ್ತು. ಅದನ್ನೂ ಹಿರಿಯರೇ ಬರೆದು ತಂದರು: "ಇದರ ಒಂದು ಕಾಳನ್ನೂ ನಾವು ಎಸೆಯುವುದಿಲ್ಲ. ಮಗುವನ್ನು ಎಸೆಯುತ್ತೇವೆಯೇ?" ಅದರಡಿಯಲ್ಲಿ, ತಿದ್ದುಪಡಿ ಬೇಡವೆಂದು ಮತ ಹಾಕಿ ಎನ್ನುವ ವಿನಂತಿ. ಓದಿದ ಕೂಡಲೇ ಸಭೆಯಲ್ಲಿ ಎಲ್ಲರೂ ತಲೆದೂಗಿದರು. ನಾನು ಕೆಂಪು ಪೆನ್ನು ಹಿಡಿದು ಹುಡುಕಿದೆ. ಯಾರ ಹೆಸರೂ ಇರಲಿಲ್ಲ, ಪಕ್ಷವಿರಲಿಲ್ಲ, ಸುಳ್ಳಿರಲಿಲ್ಲ. ವಕೀಲರಿಗೂ ಕಳಿಸಿದೆವು, ಅವರೂ ಸರಿ ಎಂದರು.

ಹಬ್ಬಕ್ಕೆ ಬಾರದವರಲ್ಲಿ ನನಗೆ ಮುಖ್ಯವಾದವಳು ಒಬ್ಬಳೇ. ನಮ್ಮ ಗಾಯನ ಬಳಗದ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳೇ, ಬೆಂಗಳೂರಿನವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಕನ್ನಡದ ಭಕ್ತಿಗೀತೆಗಳನ್ನು ಅವಳು ಹಾಡಿದರೆ ಫಿಲಿಪೀನ್ಸಿನ ಅಜ್ಜಿಯರೂ ಕಣ್ಣು ಮುಚ್ಚಿ ಕೂರುತ್ತಿದ್ದರು. ಆ ವಸಂತದಲ್ಲಿ ಅವಳಿಗೆ ಐದು ತಿಂಗಳಾಗಿದ್ದಾಗ ಮಗು ಹೋಯಿತು. ನಾನು ಗಂಜಿ, ಉಪ್ಪಿನಕಾಯಿ ಮಾಡಿಕೊಂಡು ಹೋದರೆ ಗಂಡ ಬಾಗಿಲಲ್ಲೇ ತೆಗೆದುಕೊಂಡ, ಮಲಗಿದ್ದಾಳೆ ಎಂದ. ಆಮೇಲೆ ಅವಳು ಚರ್ಚಿನ ಕಡೆ ತಲೆ ಹಾಕಲಿಲ್ಲ. ನನಗೆ ಮಕ್ಕಳಿಲ್ಲ. ಅವಳು ನನ್ನನ್ನು ಅಕ್ಕ ಎಂದರೂ ನನಗೆ ಅವಳ ಮೇಲಿದ್ದುದು ತಾಯಿಯ ಪ್ರೀತಿಯೇ. ಅವಳನ್ನು ಹೇಗಾದರೂ ಮಾಡಿ ಮರಳಿ ಕರೆತರಬೇಕೆನ್ನುವುದು ಆ ವರ್ಷದ ನನ್ನ ಹಟ. ಮೊಂತಿ ಹಬ್ಬದ ತೆನೆ ಕೈಗೆ ಬಂದರೆ ಮನಸ್ಸು ಕರಗೀತು ಎಂದುಕೊಂಡು ಅವಳ ವಿಳಾಸವನ್ನು ನಾನೇ ಬರೆದೆ. ತೆನೆ ಅಂಟಿಸಿದ್ದು ಹಿರಿಯರು.

ಹಬ್ಬ ಮುಗಿದ ಮರುವಾರ ಬೆಳಿಗ್ಗೆ ಅವಳೇ ಆಫೀಸಿಗೆ ಬಂದಳು. ನನಗೆ ಸಂತೋಷದಿಂದ ಏಳಲೂ ತೋಚಲಿಲ್ಲ. ಅವಳು ಕೂರದೆ ಕೈಚೀಲದಿಂದ ಆ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕ, ಇದನ್ನ ವಾಪಸ್ ತಗೊಳ್ಳಿ."

"ಯಾಕಮ್ಮ, ಮುರಿದು ಹೋಗಿತ್ತಾ?" ನನ್ನ ತಲೆಯಲ್ಲಿ ಇನ್ನೂ ಅಂಚೆಯ ಯಂತ್ರವೇ ಇತ್ತು.

"ಇಲ್ಲ, ಚೆನ್ನಾಗೇ ಇದೆ. ಗಾರ್ಬೇಜ್‌ಗೆ ಹಾಕೋಣ ಅಂತ ತಗೊಂಡೋದೆ. ಪವಿತ್ರ ಮಾಡಿರೋ ತೆನೆ, ಕೈ ಬರ್ಲಿಲ್ಲ. ಕಾರ್ಡ್ ಆದ್ರೂ ಕಿತ್ತು ಬಿಸಾಕೋಣ ಅಂದ್ರೆ, ಅದಕ್ಕೇ ಅಂಟಿಸಿಬಿಟ್ಟಿದೀರ."

ನಾನು ಎದ್ದು ಬಾಗಿಲು ಹಾಕಿದೆ. ಅವಳು ಕೂತಳು. ಆಮೇಲೆ ಹೇಳಿದಳು.

"ಮಗು ತಾನಾಗೇ ಹೋಗ್ಲಿಲ್ಲ ಅಕ್ಕ. ಸ್ಕ್ಯಾನ್‌ನಲ್ಲಿ ಎರಡು ಕಿಡ್ನೀನೂ ಬೆಳೆದೇ ಇಲ್ಲ ಅಂದ್ರು. ಹುಟ್ಟಿದ್ರೂ ಉಸಿರಾಡಲ್ಲ ಅಂದ್ರು. ಇನ್ನೊಂದು ಕಡೆ ಹೋಗಿ ಕೇಳಿದ್ವಿ, ಅವರೂ ಅದೇ ಹೇಳಿದ್ರು. ನಮ್ಮನೆಯವರು ಕಾಯೋಣ ಅಂದ್ರು. ನಾನೇ ಆಗಲ್ಲ ಅಂದೆ. ದಿನಾ ಒದೀತಿತ್ತು ಅಕ್ಕ. ಒದ್ದಾಗಲೆಲ್ಲ, ಇನ್ನೆಷ್ಟು ದಿನ ಅಂತ ಅನ್ನಿಸೋದು. ಆಫೀಸಲ್ಲಿ ಎಲ್ಲರೂ ಡ್ಯೂ ಡೇಟ್ ಯಾವಾಗ ಅಂತ ಕೇಳೋರು. ನನ್ನ ಕೈಲಿ ಆಗ್ಲಿಲ್ಲ."

ನಮ್ಮ ಧರ್ಮ ಏನು ಹೇಳುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅದನ್ನು ನಾನು ನಂಬುತ್ತೇನೆ, ಇವತ್ತಿಗೂ. ಆದರೆ ಆ ಹೊತ್ತಿನಲ್ಲಿ ಅವಳ ಕೈ ಹಿಡಿಯುವುದು ಬಿಟ್ಟು ಬೇರೆ ಯಾವುದೂ ನನಗೆ ಹೊಳೆಯಲಿಲ್ಲ. ಹಿಡಿದೆ. ಅವಳು ಬಿಡಿಸಿಕೊಂಡು ಕಾರ್ಡಿನ ಮೇಲೆ ಬೆರಳಿಟ್ಟಳು.

"ಎಸೆಯೋದು ಅಂತ ಬರೆದಿದೀರ. ನಾನು ಎಸೀಲಿಲ್ಲ. ಅವಳಿಗೆ ಹೆಸರಿಟ್ಟಿದ್ವಿ. ನೀವು ವೋಟ್ ಕೇಳ್ಬೇಡಿ ಅಂತ ನಾನು ಹೇಳಲ್ಲ. ಆದ್ರೆ ಇದು... ಇದರಲ್ಲಿ ಮೂರು ತೆನೆ ಯಾಕೆ ಹಾಕಿದ್ರಿ? ಮನೇಲಿ ಇರೋದು ಇಬ್ಬರೇ. ಅಣಕಿಸೋಕಾ?"

ಆಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ಮೂರು ತೆನೆಗಳು, ಒಂದರ ಪಕ್ಕ ಒಂದು, ನೀಟಾಗಿ. ನನಗೆ ಗೊತ್ತಿಲ್ಲಮ್ಮ, ದೇವರಾಣೆಗೂ ಗೊತ್ತಿಲ್ಲ ಎಂದೆ. ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡು ಅವಳು ಹೋದಳು. ಲಕೋಟೆ ನನ್ನ ಬಳಿ ಉಳಿಯಿತು. ಎಸೆಯಲು ನನಗೂ ಕೈ ಬರಲಿಲ್ಲ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಆ ಮಧ್ಯಾಹ್ನವೇ ಹಿರಿಯರು ಫಲಕಗಳನ್ನು ಒಯ್ಯಲು ಬಂದರು. ನನಗೆ ಸಿಟ್ಟು ಬಂದರೆ ಮುಚ್ಚಿಡಲಾಗುವುದಿಲ್ಲ. ಆದರೂ ಮುಚ್ಚಿಟ್ಟುಕೊಂಡು, ಆ ಹುಡುಗಿಯ ಮನೆಗೆ ಮೂರು ತೆನೆ ಹೋಗಿತ್ತಂತೆ, ತಪ್ಪಿ ಹೋಯಿತೇ ಎಂದು ಕೇಳಿದೆ.

"ತಪ್ಪಿ ಅಲ್ಲ," ಎಂದರು. ಕೈಯಲ್ಲಿದ್ದ ಫಲಕವನ್ನು ಗೋಡೆಗೆ ಒರಗಿಸಿದರು. "ನಿಮಗೆ ನಾನು ಹೇಳ್ಲಿಲ್ಲ ಅಲ್ವಾ? ನಮ್ಮದೂ ಒಂದು ಹೋಗಿದೆ. ಮೊದಲನೇದು. ಹೃದಯ ಸರಿ ಇಲ್ಲ, ಉಳಿಯುದಿಲ್ಲ, ತೆಗೆಸಿ ಅಂತ ಡಾಕ್ಟರು ಹೇಳಿದ್ರು. ಆಗುದಿಲ್ಲ ಅಂತ ಹೇಳಿದೆ. ಹುಟ್ಟಿ ಎರಡು ದಿನ ಇತ್ತು. ಜ್ಞಾನಸ್ನಾನ ಕೊಟ್ಟಾಯ್ತು, ನಾನು ಎತ್ತಿಕೊಂಡಿದ್ದೆ. ಮತ್ತೆ ಹೋಯ್ತು. ಅವತ್ತಿಂದ ಮೊಂತಿ ಹಬ್ಬಕ್ಕೆ ಅದಕ್ಕೂ ಒಂದು ತೆನೆ ಇಡುದು ನಾವು. ಈ ಹುಡುಗಿಗೂ ಹೋಯ್ತಲ್ಲ ಪಾಪ, ಅದಕ್ಕೇ ಮೂರು ಹಾಕಿದೆ. ಅವರಿಗೆ ಸಮಾಧಾನ ಆಗ್ಲಿ ಅಂತ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ಸಾಲು ಬರೆದದ್ದೂ ಈ ಮನುಷ್ಯನೇ, ಮೂರನೆಯ ತೆನೆ ಅಂಟಿಸಿದ್ದೂ ಈ ಮನುಷ್ಯನೇ, ಎರಡೂ ಒಂದೇ ಮನಸ್ಸಿನಿಂದ. ಇಬ್ಬರ ದುಃಖವೂ ನನ್ನ ಹೊಟ್ಟೆಯಲ್ಲಿತ್ತು, ಒಬ್ಬರದನ್ನು ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ. ಅವರು ಹೋದ ಮೇಲೆ ಪತ್ರಿಕೆಯ ಕೆಲಸ ಬಿಟ್ಟು ಅತ್ತೆ.

ಫಾದರಿಗೆ ಹೆಸರು ಹೇಳದೆ ವಿಷಯ ಹೇಳಿದೆ. ಅವರಿಗೆ ಯಾರೆಂದು ಹೊಳೆದಿರಬೇಕು, ಕೇಳಲಿಲ್ಲ. ನೀವೇ ಹೋಗಿ ಅವಳನ್ನು ಮಾತಾಡಿಸಬಾರದೇ ಎಂದೆ. ಅವರು ತಲೆಯಾಡಿಸಿದರು.

"ನಾನು ಹೋಗಿ ಬಾಗಿಲು ತಟ್ಟಿದರೆ ನೀನು ಹೇಳಿದ್ದು ಅವಳಿಗೆ ಗೊತ್ತಾಗುತ್ತದೆ. ಅವಳು ಬಂದರೆ ನಾನಿದ್ದೇನೆ. ಬರುವ ದಾರಿಯನ್ನು ನಾವು ಅಡ್ಡಗಟ್ಟಬಾರದು, ಅಷ್ಟೇ. ಮತ ಕೇಳಲು ಹೊರಟಾಗ ಎದುರಿಗಿರುವವರೆಲ್ಲ ಮತದಾರರಾಗಿ ಕಾಣುತ್ತಾರೆ. ನಾನೂ ಆ ಕಾರ್ಡನ್ನು ಓದಿ ಸುಮ್ಮನಿದ್ದೆನಲ್ಲ."

ಅಕ್ಟೋಬರಿನಲ್ಲಿ ಎರಡನೆಯ ಕಾರ್ಡು ಮುದ್ರಣವಾಗಿ ಬಂತು. ಬ್ಯಾಲೆಟ್ಟುಗಳು ಮನೆಮನೆಗೆ ಬರುವ ವಾರವೇ ಅದೂ ಮನೆ ಸೇರಬೇಕೆಂಬ ಲೆಕ್ಕ. ಹಸುಗೂಸಿನ ಪುಟ್ಟ ಕೈ, ಅದರ ಕೆಳಗೆ ಮತ್ತೆ ಅದೇ ಸಾಲು. ಸಾಲು ಜನರ ಮನಸ್ಸಿಗೆ ನಾಟಿದೆ, ಬದಲಿಸುವುದು ಬೇಡ ಎಂದು ಸಮಿತಿಯ ತೀರ್ಮಾನ. ವಿಳಾಸದ ಚೀಟಿ ಅಂಟಿಸುವ ಕೆಲಸ ನನ್ನದು. ಪೆಟ್ಟಿಗೆಗಳನ್ನು ಮುಂದಿಟ್ಟುಕೊಂಡು ಕೂತೆ. ಒಂದನ್ನೂ ಅಂಟಿಸಲಾಗಲಿಲ್ಲ. ಆ ವಾರದ ಸಭೆಯಲ್ಲಿ ಎದ್ದು ಹೇಳಿದೆ.

"ಬೇಡ ಅಂತ ಹಾಕಿ ಅಂತ ಕೇಳೋಣ. ಕಾರಣ ಏನು ಅಂತಾನೂ ಬರೆಯೋಣ. ಈ ಸಾಲು ಮಾತ್ರ ಬೇಡ. ಇದು ಯಾರ ಮನೆಗೆ ಹೋಗ್ತದೆ ಅಂತ ನಮಗೆ ಗೊತ್ತಿಲ್ಲ."

"ಎಲ್ಲರ ಮನೆಗೂ ಹೋಗ್ತದೆ," ಎಂದರು ಹಿರಿಯರು. "ಅದಕ್ಕೇ ಅಲ್ವಾ ಕಳಿಸುದು?"

"ಅದಕ್ಕೇ ಬೇಡ ಅಂತಿರೋದು."

"ಎಂತ ಆಯ್ತು ನಿಮಗೆ? ಮೊದಲು ಸರಿ ಅಂತ ಹೇಳಿದವರು ನೀವೇ. ಈಗ ತಣ್ಣಗಾದದ್ದು ಯಾಕೆ?"

ಹೇಳುವಂತಿರಲಿಲ್ಲ. ಮೂರ್ಖಳ ಹಾಗೆ ನಿಂತಿದ್ದೆ. ಯಾರೋ, ಇವರನ್ನು ಆಫೀಸಿನಲ್ಲಿ ಯಾರಾದರೂ ಹೆದರಿಸಿರಬೇಕು ಎಂದರು, ಇನ್ಯಾರೋ ನಕ್ಕರು. ಕೊನೆಗೆ ಫಾದರ್ ನಡುವೆ ಬಂದು, ಅಂಚೆ ಬೇಡ, ಕೊಡುವವರು ಚರ್ಚಿನ ಗೇಟಿನ ಹೊರಗೆ ನಿಂತು ಕೈಯಲ್ಲಿ ಕೊಡಲಿ, ಬೇಡವೆಂದವರಿಗೆ ಒತ್ತಾಯವಿಲ್ಲ ಎಂದರು. ಹಿರಿಯರು ಆ ಮುಂದಿನ ಭಾನುವಾರಗಳಲ್ಲಿ ಪ್ರತಿ ಪೂಜೆಯ ನಂತರವೂ ಬಿಸಿಲಿನಲ್ಲಿ ನಿಂತು ಹಂಚಿದರು. ನನ್ನೊಡನೆ ಮಾತು ಬಿಟ್ಟರು.

ಅಂಚೆಯ ಕೆಲಸಕ್ಕೆಂದು ನಾನು ತೆಗೆದಿಟ್ಟಿದ್ದ ಆ ದಿನಗಳಲ್ಲಿ ಬೇರೊಂದು ಕೆಲಸ ಮಾಡಿದೆ. ನವೆಂಬರಿನ ಆರಂಭದಲ್ಲಿ ಸಕಲ ಮೃತರ ಸ್ಮರಣೆ. ಆ ದಿನ ಸಮಾಧಿಗಳನ್ನು ಆಶೀರ್ವದಿಸುವಾಗ ಸ್ಮಶಾನದ ಮಕ್ಕಳ ಭಾಗದಲ್ಲೂ ಒಂದು ಪ್ರಾರ್ಥನೆ ಇಡೋಣವೇ ಎಂದು ಫಾದರನ್ನು ಕೇಳಿದೆ, ಒಪ್ಪಿದರು. ಪತ್ರಿಕೆಗೆ ಹೀಗೆ ಬರೆದೆ: "ಹುಟ್ಟುವ ಮೊದಲು ಅಥವಾ ಹುಟ್ಟಿದ ಕೂಡಲೇ ಅಗಲಿದ ಮಕ್ಕಳಿಗಾಗಿ ಪ್ರಾರ್ಥನೆ. ಸಮಾಧಿ ಇಲ್ಲದವರೂ ಬನ್ನಿ. ಕಾರಣ ಯಾರೂ ಕೇಳುವುದಿಲ್ಲ." ಕರಡು ನೋಡಿದ ಹಿರಿಯರು ಮಾತು ಬಿಟ್ಟಿದ್ದನ್ನೂ ಮರೆತು, "ಕಾರಣ ಕೇಳುವುದಿಲ್ಲ ಅಂದ್ರೆ ಎಂತ ಅರ್ಥ? ಎಲೆಕ್ಷನ್ ವಾರದಲ್ಲಿ ಇದನ್ನು ಹಾಕಿದ್ರೆ ಜನ ಎಂತ ತಿಳ್ಕೊಳ್ತಾರೆ? ಅದೊಂದು ಸಾಲು ತೆಗೀರಿ," ಎಂದರು. ನಾನು ತೆಗೆಯಲಿಲ್ಲ. ಈ ಇಡೀ ಕೆಲಸದಲ್ಲಿ ನಾನೇ ಗಟ್ಟಿಯಾಗಿ ನಿರ್ಧರಿಸಿದ್ದು ಅದೊಂದನ್ನೇ. ಪತ್ರಿಕೆಯ ಆ ಪುಟದ ಫೋಟೋ ತೆಗೆದು ಅವಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ಸ್ಮರಣೆಯ ದಿನ ಮಧ್ಯಾಹ್ನ ಸ್ಮಶಾನದ ಗುಡ್ಡವೆಲ್ಲ ಇನ್ನೂ ಒಣಗಿ ಕಂದಾಗಿತ್ತು. ಮಕ್ಕಳ ಭಾಗದಲ್ಲಿ ಕಲ್ಲುಗಳೆಲ್ಲ ಚಿಕ್ಕವು, ಅವುಗಳ ಪಕ್ಕ ಗಾಳಿಗೆ ತಿರುಗುವ ಬಣ್ಣದ ಗಿರಿಗಿಟ್ಲೆಗಳು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ಹಿರಿಯರು ಹೆಂಡತಿಯೊಡನೆ ತಮ್ಮ ಮಗುವಿನ ಕಲ್ಲಿನ ಹತ್ತಿರ ನಿಂತಿದ್ದರು. ಪ್ರಾರ್ಥನೆ ಶುರುವಾದ ಮೇಲೆ ಹಿಂದೆ ತಿರುಗಿ ನೋಡಿದರೆ ಓಕ್ ಮರದ ಕೆಳಗೆ ಅವಳು, ಪಕ್ಕದಲ್ಲಿ ಗಂಡ. ಯಾರಿಗಾಗಿ ಬಂದಿದ್ದೀರೋ ಅವರ ಹೆಸರನ್ನು ಬಾಯಿಬಿಟ್ಟು ಹೇಳಿ ಎಂದು ಫಾದರ್ ಕೇಳಿಕೊಂಡರು. ಸ್ಪ್ಯಾನಿಷ್ ಹೆಸರುಗಳು, ವಿಯೆಟ್ನಾಮಿನ ಹೆಸರುಗಳು, ಹಿರಿಯರ ಮಗುವಿನ ಹೆಸರು. ಎಲ್ಲರ ನಂತರ ಹಿಂದಿನಿಂದ ಅವಳ ಧ್ವನಿ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಾಡುವಾಗ ಚರ್ಚನ್ನೆಲ್ಲ ತುಂಬುತ್ತಿದ್ದ ಅವಳ ಧ್ವನಿ ಆ ದಿನ ಅರ್ಧಕ್ಕೇ ನಿಂತಿತು.

ಪ್ರಾರ್ಥನೆ ಮುಗಿದ ಕೂಡಲೇ ಹಿರಿಯರು ಅವಳ ಬಳಿಗೆ ಹೋದರು. ನಾನು ತಡೆಯುವ ಮೊದಲೇ ಹೋದರು. "ಬಾಯೆ, ಬಂದಿಯಾ, ಒಳ್ಳೆದಾಯ್ತು," ಎಂದರು. ನಮ್ಮಲ್ಲಿ ಮಗಳ ವಯಸ್ಸಿನವರನ್ನು ಅಕ್ಕರೆಯಿಂದ ಕರೆಯುವುದು ಹಾಗೆ. ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಕೇಳಿಯೇಬಿಟ್ಟಳು.

"ಅಂಕಲ್, ನಮ್ಮ ಕವರ್‌ನಲ್ಲಿ ಮೂರು ತೆನೆ ಹಾಕಿದ್ದು ನೀವಾ?"

"ಹೌದು. ಮನೇಲಿ ಎಷ್ಟು ಜನವೋ ಅಷ್ಟು ಹಾಕುದಲ್ವಾ. ನೀವು ಮೂರು ಜನ."

ಅವಳ ಮುಖ ಒಮ್ಮೆಗೇ ಸಡಿಲವಾಯಿತು. ಅವಳನ್ನು ಅಲ್ಲಿಂದ ಕರೆದುಕೊಂಡು ಹೋಗಿಬಿಡಬೇಕೆಂದು ನನಗನ್ನಿಸಿತು, ಅಷ್ಟಕ್ಕೇ ನಿಲ್ಲಲಿ ಎಂದು. ಆದರೆ ಅವಳು ಸುಳ್ಳಿನ ಮೇಲೆ ಸಿಕ್ಕಿದ ಅಕ್ಕರೆಯನ್ನು ಇಟ್ಟುಕೊಳ್ಳುವವಳಲ್ಲ. ಗಂಡ ಭುಜ ಹಿಡಿದರೂ ನಿಲ್ಲದೆ ಹೇಳಿದಳು.

"ಅದು ತಾನಾಗಿ ಹೋಗಿದ್ದಲ್ಲ ಅಂಕಲ್. ಉಳಿಯಲ್ಲ ಅಂದ್ರು. ನಾನೇ ತೆಗೆಸ್ದೆ."

ಹಿರಿಯರ ಕೈ ಅವಳ ತಲೆಯಿಂದ ಇಳಿಯಿತು. ನಿಧಾನವಾಗಿಯೇ ಇಳಿಯಿತು. ಅವರು ತಮ್ಮ ಮಗುವಿನ ಕಲ್ಲಿನ ಕಡೆ ನೋಡಿದರು.

"ನಾವು ತೆಗೆಸ್ಲಿಲ್ಲ," ಎಂದರು. ಆಮೇಲೆ, "ಅದು ಸರಿ ಅಂತ ನನ್ನ ಬಾಯಲ್ಲಿ ಬರುದಿಲ್ಲ, ಬಾಯೆ."

"ಸರಿ ಅಂತ ಹೇಳಿ ಅಂತ ನಾನು ಕೇಳ್ಲಿಲ್ಲ ಅಂಕಲ್."

ಹಿರಿಯರು ತಿರುಗಿ ಕಾರಿನ ಕಡೆ ನಡೆದರು. ಅವರ ಹೆಂಡತಿ ಮಾತ್ರ ಅಲ್ಲೇ ನಿಂತು ಆ ಹುಡುಗಿಯನ್ನು ನೋಡುತ್ತಿದ್ದರು. ಆಕೆ ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿ ಗಂಡನ ಹಿಂದೆ ಹೋದರು.

ಚುನಾವಣೆಯಲ್ಲಿ ತಿದ್ದುಪಡಿ ಗೆದ್ದಿತು, ದೊಡ್ಡ ಅಂತರದಲ್ಲಿ. ನಾನೂ ಬೇಡವೆಂದೇ ಮತ ಹಾಕಿದ್ದೆ, ಸೋತವರಲ್ಲಿ ನಾನೂ ಒಬ್ಬಳು. ಆದರೆ ಆ ಸೋಲಿಗೆ ನನಗೆ ಅಳು ಬರಲಿಲ್ಲ. ಆ ವಾರ ಹಿರಿಯರು ಉಳಿದ ಫಲಕಗಳನ್ನು ಹಿಂದಿರುಗಿಸಲು ಬಂದು, ಅವುಗಳ ತಂತಿ ಬಿಚ್ಚುತ್ತ ನನ್ನ ಎದುರು ಕೂತರು. ಮುಖ ಇಳಿದಿತ್ತು.

"ನಿಮಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಆ ಹುಡುಗಿ ಮಾಡಿದ್ದು ನಾನು ಒಪ್ಪುದಿಲ್ಲ."

"ಒಪ್ಪಿ ಅಂತ ಅವಳೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ತುಂಬ ಹೊತ್ತು ತಂತಿಯನ್ನೇ ಸುತ್ತಿದರು. "ನನ್ನ ಹೆಂಡತಿ ಅವತ್ತು ಕಾರಲ್ಲಿ ಒಂದು ಮಾತು ಕೇಳಿದಳು. ಆಗುದಿಲ್ಲ ಅಂತ ಡಾಕ್ಟರಿಗೆ ಹೇಳಿದ್ದು ನೀವು. ಆ ತಿಂಗಳೆಲ್ಲ ನಾನು ಹೇಗೆ ಕಳೆದೆ ಅಂತ ಒಂದು ದಿನ ಆದ್ರೂ ಕೇಳಿದ್ದೀರಾ ಅಂತ." ಸುತ್ತಿದ ತಂತಿಯನ್ನು ಪಕ್ಕಕ್ಕಿಟ್ಟರು. "ಕೇಳ್ಲಿಲ್ಲ ನಾನು. ಧೈರ್ಯದಲ್ಲಿದ್ದಾಳೆ ಅಂತ ತಿಳ್ಕೊಂಡಿದ್ದೆ."

ಕಾಫಿ ಮಾಡಿ ಕೊಟ್ಟೆ. ಅರ್ಧ ಕುಡಿದು ಹೋದರು.

ಅವಳು ಚರ್ಚಿಗೆ ಮರಳಲಿಲ್ಲ. ಕ್ರಿಸ್ಮಸ್ಸಿಗೂ ಬರಲಿಲ್ಲ, ಈಸ್ಟರಿಗೂ ಬರಲಿಲ್ಲ. ಬೇಸಿಗೆಯಲ್ಲಿ ಅವರು ಲಿವರ್‌ಮೋರ್ ಕಡೆಗೆ ಮನೆ ಬದಲಿಸಿದರೆಂದು ಗಂಡ ಮೆಸೇಜು ಮಾಡಿ ಹೊಸ ವಿಳಾಸ ಕಳಿಸಿದ. ಅಲ್ಲಿನ ಚರ್ಚಿಗೆ ಹೋಗುತ್ತಾಳೋ ಇಲ್ಲವೋ ನಾನು ಕೇಳಲಿಲ್ಲ. ಗಾಯನ ಬಳಗದಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದಾರೆ, ಚೆನ್ನಾಗಿಯೇ ಹಾಡುತ್ತಾರೆ. ಕನ್ನಡದ ಹಾಡು ಬಂದಾಗ ನಾನು ಏನಾದರೂ ನೆಪ ಮಾಡಿ ಹೊರಗೆ ಹೋಗಿ ನಿಲ್ಲುತ್ತೇನೆ.

ಮತ್ತೆ ಮೊಂತಿ ಹಬ್ಬ ಬಂತು. ಹಿರಿಯರು ಎಂದಿನಂತೆ ತೆನೆ ತಂದರು. ಬಾರದವರಿಗೆ ಅಂಚೆಯಲ್ಲಿ ಕಳಿಸುವುದನ್ನು ಜನ ಇಷ್ಟಪಟ್ಟಿದ್ದರಿಂದ ಅದನ್ನು ನಿಲ್ಲಿಸಲಿಲ್ಲ. ರಟ್ಟು ಅದೇ, ಅಂಟಿಸುವ ರೀತಿ ಅದೇ. ರಟ್ಟಿನ ಮೇಲೆ ಈ ಸಲ ಒಂದಕ್ಷರವೂ ಇರಲಿಲ್ಲ. ಹಾಗಿರಲಿ ಎಂದು ನಾವು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ಬರಿಯ ರಟ್ಟು ತಂದವರು ಅವರೇ.

ಆಫೀಸಿನ ಮೇಜಿನ ಮೇಲೆ ನಾವಿಬ್ಬರೂ ಕೂತು ಅಂಟಿಸುತ್ತಿದ್ದಾಗ ಅವರು ತಲೆಯೆತ್ತದೆ, "ಆ ಹುಡುಗಿಯ ಅಡ್ರೆಸ್ ಉಂಟಾ?" ಎಂದು ಕೇಳಿದರು. ಕೊಟ್ಟೆ. ರಾಶಿಯಿಂದ ಒಳ್ಳೆಯ ತೆನೆಗಳನ್ನು ಹುಡುಕಿ ಎರಡನ್ನು ರಟ್ಟಿನ ಮೇಲಿಟ್ಟರು. ಟೇಪು ಕತ್ತರಿಸಿ ಬೆರಳಿಗೆ ಅಂಟಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನಾನು ನೋಡದವಳ ಹಾಗೆ ವಿಳಾಸ ಬರೆಯುತ್ತಿದ್ದೆ. ಆಮೇಲೆ ಇನ್ನೊಂದು ತೆನೆ ಆರಿಸಿ, ಎರಡರ ನಡುವೆ ಇಟ್ಟು, ಮೂರನ್ನೂ ಸೇರಿಸಿ ಅಂಟಿಸಿದರು.

ಹಬ್ಬ ಕಳೆದ ಮೇಲೆ ಅಂಚೆಯವನು ತರುವ ಕಟ್ಟನ್ನು ನಾನು ದಿನವೂ ಮೊದಲು ಬಿಚ್ಚಿ ನೋಡುತ್ತಿದ್ದೆ. ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದೆ. ವಿಳಾಸ ತಪ್ಪಿದ ಒಂದೆರಡು ಲಕೋಟೆಗಳು ಹಿಂದಿರುಗಿದವು. ಅವಳದು ವಾಪಸು ಬರಲಿಲ್ಲ.